ಸಿಸ್ಟಮ್ ಅಂದ್ರೆ ಯಾರು ಮಾರಾಯ್ರೆ?

ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮಂಥವರ ಹತ್ತಿರ ಒಂದು ಬ್ರಹ್ಮಾಸ್ತ್ರ ಇದೆ. ಗ್ರಾಹಕರು ಎಷ್ಟೇ ಸಿಟ್ಟಿನಲ್ಲಿ ಬಂದಿರಲಿ, "ಸಿಸ್ಟಮ್ ತಗೊಳ್ತಾ ಇಲ್ಲ" ಅಂದರೆ ಮುಗಿಯಿತು. ಮುಂದೆ ಮಾತಿಲ್ಲ. ಮೇಲಿನವರನ್ನು ಕರೆಯಿರಿ ಅನ್ನೋಣ ಅಂದರೆ ಸಿಸ್ಟಮ್‌ಗಿಂತ ಮೇಲೆ ಯಾರೂ ಇಲ್ಲವಲ್ಲ!

ಕೆಲವು ವರ್ಷಗಳ ಹಿಂದೆ ಈ ಅಸ್ತ್ರ ನನಗೇ ತಿರುಗಿ ಬಂತು. ಘಾಟ್ಕೋಪರ್ ಕಡೆ ನಲವತ್ತು ವರ್ಷ ಹೋಟೆಲು ನಡೆಸಿದ, ನಮ್ಮ ಊರಿನ ಕಡೆಯ ಹಿರಿಯರೊಬ್ಬರು ಎಫ್‌ಡಿ ಮುರಿಸಲು ಬಂದಿದ್ದರು. ನಾನು ಎಂದಿನಂತೆ ಅದೇ ಮಾತು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಅಲ್ಲ ಮಾರಾಯ್ರೆ, ನಾನು ಬಂದಾಗಲೆಲ್ಲ ಸಿಸ್ಟಮ್ ತಗೊಳ್ಳುದಿಲ್ಲ, ಸಿಸ್ಟಮ್ ಬಿಡುದಿಲ್ಲ ಅಂತೀರಿ. ಈ ಸಿಸ್ಟಮ್ ಅಂದ್ರೆ ಯಾರು? ಅವರನ್ನೇ ಒಮ್ಮೆ ಕರೀರಿ, ನಾನು ಮಾತಾಡ್ತೇನೆ" ಅಂದರು.

ಕೌಂಟರಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ಲೋಕಲ್ ಟ್ರೈನಿನಲ್ಲಿ ನಿಂತು ಯೋಚಿಸಿದಾಗ ಅದು ನಗುವ ಪ್ರಶ್ನೆ ಅಲ್ಲ ಅನ್ನಿಸಿತು. ನಾವು ಸಿಸ್ಟಮ್ ಅನ್ನುವುದು ಹಲವು ಪದರಗಳ ಒಂದು ಗಂಟು. ಮೇಲೆ ಬ್ಯಾಂಕಿನ ಸಾಫ್ಟ್‌ವೇರ್, ಪಕ್ಕದಲ್ಲಿ ನೆಟ್‌ವರ್ಕು, ಕೆಳಗೆ ಎಲ್ಲವನ್ನೂ ಹೊತ್ತುಕೊಂಡು ಕೂತ ಆಪರೇಟಿಂಗ್ ಸಿಸ್ಟಮ್. ಕೊನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಬಿಕಾಂ ಓದಿದವನು, ಇಂಜಿನಿಯರ್ ಅಲ್ಲ. ಆದರೆ 1991ರಿಂದ ಅದರ ಜೊತೆ ಏಗಿದ್ದೇನೆ. ಹಾಗಾಗಿ ಆ ಹಿರಿಯರ ಪ್ರಶ್ನೆಗೆ ಉತ್ತರ ಹುಡುಕುತ್ತಾ, ಈ ಆಪರೇಟಿಂಗ್ ಸಿಸ್ಟಮ್ ಅನ್ನುವುದು ನಮ್ಮ ಮುಂಬೈಗೆ ಹೇಗೆ ಬಂತು, ಅದು ಮಾಡುವ ಕೆಲಸ ಏನು ಅಂತ ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಸಿಸ್ಟಮ್ ಇಲ್ಲದ ಕಂಪ್ಯೂಟರ್

ಮೊದಲು ಕೊಲಾಬಾಕ್ಕೆ ಹೋಗೋಣ. ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್, ಅಂದರೆ ಟಿಐಎಫ್‌ಆರ್, 1945ರಲ್ಲಿ ಹೋಮಿ ಭಾಭಾ ಶುರುಮಾಡಿದ್ದು ಬೆಂಗಳೂರಿನಲ್ಲಿ. ಅದೇ ವರ್ಷದ ಕೊನೆಗೆ ಅದು ಮುಂಬೈಗೆ ಬಂತು. ನಮ್ಮ ಹಾಗೆಯೇ ವಲಸೆ ಬಂದು ಇಲ್ಲೇ ನೆಲೆನಿಂತ ಸಂಸ್ಥೆ ಅನ್ನಿ. 1950ರ ದಶಕದಲ್ಲಿ ಅಲ್ಲಿ ಆರ್. ನರಸಿಂಹನ್ ಅವರ ಮುಂದಾಳತ್ವದಲ್ಲಿ ಒಂದು ಕಂಪ್ಯೂಟರ್ ಕಟ್ಟಿದರು. 1960ರಲ್ಲಿ ಅದು ಪೂರ್ತಿಯಾಗಿ ಕೆಲಸಕ್ಕೆ ಬಂತು. 1962ರಲ್ಲಿ ನೆಹರೂ ಟಿಐಎಫ್‌ಆರ್ ಹೊಸ ಕಟ್ಟಡದ ಉದ್ಘಾಟನೆಗೆ ಬಂದಾಗ ಅದಕ್ಕೆ ಟಿಫ್ರಾಕ್ ಅಂತ ಹೆಸರಿಟ್ಟರು.

ಅದರಲ್ಲಿದ್ದದ್ದು ಸುಮಾರು 2,700 ವಾಲ್ವುಗಳು. ಹಳೇ ರೇಡಿಯೋದೊಳಗೆ ಕೆಂಪಗೆ ಉರಿಯುತ್ತಿದ್ದವಲ್ಲ, ಅವೇ. ಮೆಮೊರಿ ಇದ್ದದ್ದು 2,048 ಪದಗಳಷ್ಟು, ಒಂದೊಂದು 40 ಬಿಟ್. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ 10 ಕೆಬಿ. ನೀವು ಈಗ ಓದುತ್ತಿರುವ ಈ ಬರಹ ಅದರೊಳಗೆ ಹಿಡಿಸುವುದಿಲ್ಲ! ಯಾಕೆಂದರೆ ಕನ್ನಡದ ಒಂದೊಂದು ಅಕ್ಷರಚಿಹ್ನೆಯನ್ನು ಯುನಿಕೋಡಿನಲ್ಲಿ ಕೂಡಿಡಲು ಸಾಮಾನ್ಯವಾಗಿ 3 ಬೈಟ್ ಬೇಕು.

ಆ ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಮ್ ಇರಲಿಲ್ಲ. ಹಾಗಾದರೆ ಕೆಲಸ ಹೇಗೆ ನಡೆಯುತ್ತಿತ್ತು? ಮನುಷ್ಯರು ನಡೆಸುತ್ತಿದ್ದರು. ವಿಜ್ಞಾನಿ ತನ್ನ ಲೆಕ್ಕವನ್ನು ತೂತು ಹೊಡೆದ ಕಾಗದದ ಪಟ್ಟಿಯಲ್ಲಿ ತರಬೇಕು, ತನ್ನ ಸರದಿಯ ಸಮಯದಲ್ಲಿ ಯಂತ್ರದ ಮುಂದೆ ಕೂರಬೇಕು, ಪಟ್ಟಿ ಊಡಿಸಬೇಕು, ಮೆಮೊರಿಯಲ್ಲಿ ಯಾವುದು ಎಲ್ಲಿ ಕೂರಬೇಕು ಅಂತ ತಾನೇ ಲೆಕ್ಕ ಹಾಕಬೇಕು. ತಪ್ಪಾದರೆ ಮತ್ತೆ ಮೊದಲಿಂದ. ಯಾರ ಸರದಿ ಯಾವಾಗ, ಯಾರಿಗೆ ಎಷ್ಟು ಹೊತ್ತು ಅನ್ನುವುದೂ ಮನುಷ್ಯರೇ ನೋಡಬೇಕಾದ ವ್ಯವಹಾರ.

ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಆಪರೇಟಿಂಗ್ ಸಿಸ್ಟಮ್ ಮಾಡುವ ಒಂದೊಂದು ಕೆಲಸವೂ ಮೊದಲು ಯಾರೋ ಒಬ್ಬ ಮನುಷ್ಯ ಕುರ್ಚಿಯಲ್ಲಿ ಕೂತು ಮಾಡುತ್ತಿದ್ದ ಕೆಲಸ.

1964ರಲ್ಲಿ ಟಿಐಎಫ್‌ಆರ್‌ಗೆ ಅಮೆರಿಕದ ಸಿಡಿಸಿ 3600 ಎಂಬ ದೊಡ್ಡ ಯಂತ್ರ ಬಂತು. ಇದಕ್ಕೆ ಸ್ಕೋಪ್ ಎಂಬ ಆಪರೇಟಿಂಗ್ ಸಿಸ್ಟಮ್ ಇತ್ತು. ದೇಶದ ಬೇರೆ ಬೇರೆ ಕಡೆಯ ಸಂಸ್ಥೆಗಳಿಂದ ಕೆಲಸಗಳು ಇಲ್ಲಿಗೆ ಬರುತ್ತಿದ್ದವು, ಪಂಚ್ ಕಾರ್ಡುಗಳ ಕಟ್ಟುಗಳಲ್ಲಿ. ಒಬ್ಬರ ಕಟ್ಟು ಮುಗಿದ ಕೂಡಲೇ ಇನ್ನೊಬ್ಬರದನ್ನು ಸಿಸ್ಟಮ್ ತಾನೇ ಎತ್ತಿಕೊಳ್ಳುತ್ತಿತ್ತು. ಇದಕ್ಕೆ ಬ್ಯಾಚ್ ಪದ್ಧತಿ ಅನ್ನುತ್ತಾರೆ. ನಮ್ಮ ಹಿಟ್ಟಿನ ಗಿರಣಿಯಲ್ಲಿ ಡಬ್ಬಿಗಳನ್ನು ಸಾಲಾಗಿ ಇಟ್ಟು ಬರುತ್ತೇವಲ್ಲ, ಹಾಗೆ. ಡಬ್ಬಿ ಇಟ್ಟು ಹೋಗಿ, ಸಂಜೆ ಬನ್ನಿ.

ಒಂದು ಕಾವಲಿ, ಹತ್ತು ಟೇಬಲ್ಲು

ಗಿರಣಿ ಪದ್ಧತಿಯ ತೊಂದರೆ ಏನೆಂದರೆ, ನಿಮ್ಮದು ಒಂದು ಸೇರು ರಾಗಿ ಇರಬಹುದು, ಮುಂದಿನವನದ್ದು ಐವತ್ತು ಕೇಜಿ ಗೋಧಿ. ನೀವು ಕಾಯಲೇಬೇಕು. ಇದಕ್ಕೆ ಪರಿಹಾರವಾಗಿ ಬಂದದ್ದು ಟೈಮ್ ಶೇರಿಂಗ್, ಸಮಯ ಹಂಚಿಕೆ. 1970ರ ದಶಕದಲ್ಲಿ ಟಿಐಎಫ್‌ಆರ್‌ನ ಭಾಗವಾಗಿದ್ದ ಸಾಫ್ಟ್‌ವೇರ್ ಕೇಂದ್ರಕ್ಕೆ ಡೆಕ್-10 ಎಂಬ ಯಂತ್ರ ಬಂತು. ಅದಕ್ಕೆ ಒಂದೇ ಹೊತ್ತಿಗೆ ಹಲವರು ಹಲವು ಟರ್ಮಿನಲ್‌ಗಳಲ್ಲಿ ಕೂತು ಕೆಲಸ ಮಾಡಬಹುದಿತ್ತು. (ಆ ಕೇಂದ್ರವೇ 1985ರಲ್ಲಿ ಬೇರೆಯಾಗಿ ಜುಹೂವಿನ ಎನ್‌ಸಿಎಸ್‌ಟಿ ಆಯಿತು. ಈಗ ಸಿ-ಡ್ಯಾಕ್ ಮುಂಬೈ.)

ಒಂದು ಯಂತ್ರ ಹತ್ತು ಜನರ ಕೆಲಸ ಒಟ್ಟಿಗೆ ಹೇಗೆ ಮಾಡುತ್ತದೆ ಅಂತ ಕೇಳುವವರಿಗೆ ನಾನು ಉಡುಪಿ ಹೋಟೆಲಿನ ದೋಸೆ ಭಟ್ಟರನ್ನು ತೋರಿಸುತ್ತೇನೆ. ಭಟ್ಟರು ಒಬ್ಬರೇ, ಕಾವಲಿ ಒಂದೇ. ಮೂರನೇ ಟೇಬಲ್ಲಿನವರು ಐದು ಮಸಾಲೆ ಹೇಳಿದ್ದಾರೆ, ಏಳನೆಯವರು ಒಂದು ಸಾದಾ. ಭಟ್ಟರು ಐದೂ ಮುಗಿಸಿಯೇ ಸಾದಾ ಹಾಕುತ್ತೇನೆ ಅನ್ನುವುದಿಲ್ಲ. ಇಲ್ಲಿ ಒಂದು ಹುಯ್ಯುತ್ತಾರೆ, ಅಲ್ಲಿ ಒಂದಕ್ಕೆ ಎಣ್ಣೆ ಬಿಡುತ್ತಾರೆ, ಮತ್ತೊಂದನ್ನು ಮಗುಚುತ್ತಾರೆ. ಒಂದು ಕ್ಷಣದಲ್ಲಿ ಅವರ ಕೈ ಇರುವುದು ಒಂದೇ ದೋಸೆಯ ಮೇಲೆ. ಆದರೆ ಹತ್ತು ಟೇಬಲ್ಲಿನವರಿಗೂ ತಮ್ಮ ದೋಸೆ ಆಗುತ್ತಾ ಇದೆ ಅಂತ ಸಮಾಧಾನ.

ಕಂಪ್ಯೂಟರಿನ ಪ್ರೊಸೆಸರ್ ಆ ಭಟ್ಟರ ಕೈ. ಅದು ಯಾವ ಕ್ಷಣದಲ್ಲಿ ಯಾವ ದೋಸೆಯ ಮೇಲಿರಬೇಕು ಅಂತ ತೀರ್ಮಾನಿಸುವುದೇ ಆಪರೇಟಿಂಗ್ ಸಿಸ್ಟಮ್‌ನ ಮೊದಲ ಕೆಲಸ. ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ಹೊತ್ತು ಒಬ್ಬರಿಗೆ, ಮತ್ತಷ್ಟು ಹೊತ್ತು ಇನ್ನೊಬ್ಬರಿಗೆ. ನಮ್ಮ ಕಣ್ಣಿಗೆ ಎಲ್ಲ ಒಟ್ಟಿಗೇ ನಡೆದಂತೆ.

ಮಂಗಳೂರಿನ ಮಂತ್ರಿ, ಯುನಿಕ್ಸಿನ ದಾರಿ

ಈಗ ಟಿಐಎಫ್‌ಆರ್‌ನಿಂದ ಕಚೇರಿಗಳಿಗೆ ಬರೋಣ. ಮುಂಬೈಯ ವ್ಯಾಪಾರ ಜಗತ್ತಿಗೆ ಕಂಪ್ಯೂಟರ್ ಬಂದದ್ದು 1961ರಲ್ಲಿ, ಎಸ್ಸೋ ತೈಲ ಕಂಪನಿಗೆ. ಅದು ಐಬಿಎಂ 1401. ಆಮೇಲಿನ ಹದಿನೈದು ವರ್ಷ ಕಚೇರಿ ಕಂಪ್ಯೂಟರ್ ಅಂದರೆ ಬಹುಪಾಲು ಐಬಿಎಂ. ಯಂತ್ರ ಅವರದು, ಸಿಸ್ಟಮ್ ಅವರದು, ರಿಪೇರಿಯೂ ಅವರದೇ. ಒಮ್ಮೆ ಹೊಕ್ಕವನಿಗೆ ಹೊರಗೆ ದಾರಿಯಿಲ್ಲ.

1977ರಲ್ಲಿ ಜನತಾ ಸರ್ಕಾರ ಬಂತು. ಕೈಗಾರಿಕಾ ಮಂತ್ರಿಯಾದವರು ಜಾರ್ಜ್ ಫರ್ನಾಂಡಿಸ್. ಮಂಗಳೂರಿನಲ್ಲಿ ಹುಟ್ಟಿ, ಹದಿಹರೆಯ ಮುಗಿಯುವ ಹೊತ್ತಿಗೆ ಕೆಲಸ ಹುಡುಕಿಕೊಂಡು ಬೊಂಬಾಯಿಗೆ ಬಂದು, ಫುಟ್‌ಪಾತಿನಲ್ಲಿ ಮಲಗಿ, ಟ್ಯಾಕ್ಸಿಯವರ ನಾಯಕರಾಗಿ, 1967ರಲ್ಲಿ ಸ. ಕಾ. ಪಾಟೀಲರಂಥ ಘಟಾನುಘಟಿಯನ್ನು ಇದೇ ದಕ್ಷಿಣ ಬೊಂಬಾಯಿಯಲ್ಲಿ ಸೋಲಿಸಿದವರು. ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕು ಎಂಬ 1973ರ ಫೆರಾ ಕಾಯಿದೆಯ ಪ್ರಕಾರ ಐಬಿಎಂ ಜೊತೆ ಮಾತುಕತೆ ಮೊದಲಿನಿಂದಲೇ ನಡೆದಿತ್ತು. ಜನತಾ ಸರ್ಕಾರವೂ ಪಟ್ಟು ಬಿಡಲಿಲ್ಲ, ಐಬಿಎಂ ಕೂಡ ಒಪ್ಪಲಿಲ್ಲ. 1978ರಲ್ಲಿ ಗಂಟುಮೂಟೆ ಕಟ್ಟಿತು.

ಅದು ಸರಿಯೋ ತಪ್ಪೋ ಎಂಬ ಚರ್ಚೆ ಈಗಲೂ ಇದೆ. ಆದರೆ ಒಂದು ಪರಿಣಾಮ ಖಂಡಿತ. ಎಚ್‌ಸಿಎಲ್, ಡಿಸಿಎಂ, ಬೆಂಗಳೂರಿನ ವಿಪ್ರೋದಂಥ ದೇಶಿ ಕಂಪನಿಗಳು ಕಂಪ್ಯೂಟರ್ ತಯಾರಿಸತೊಡಗಿದವು. ಯಂತ್ರವನ್ನೇನೋ ಜೋಡಿಸಬಹುದು, ಒಳಗಿನ ಸಿಸ್ಟಮ್ ಎಲ್ಲಿಂದ ತರುವುದು? ಅದಕ್ಕೆ ಸಿಕ್ಕಿದ ಉತ್ತರ ಯುನಿಕ್ಸ್.

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ, ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬಿಬ್ಬರ ಕೈಯಲ್ಲಿ. ಅಲ್ಲಿಯವರೆಗೆ ಆಪರೇಟಿಂಗ್ ಸಿಸ್ಟಮ್ ಅಂದರೆ ಸಾಮಾನ್ಯವಾಗಿ ಒಂದು ಯಂತ್ರಕ್ಕೆ ಹೊಲಿದ ಅಂಗಿ, ಇನ್ನೊಂದಕ್ಕೆ ಆಗದು. 1973ರಲ್ಲಿ ಇವರು ಯುನಿಕ್ಸನ್ನು ಸಿ ಎಂಬ ಭಾಷೆಯಲ್ಲಿ ಹೊಸದಾಗಿ ಬರೆದರು. ಆದ್ದರಿಂದ ಅದನ್ನು ಬೇರೆ ಯಂತ್ರಕ್ಕೆ ಒಗ್ಗಿಸುವುದು ಸುಲಭವಾಯಿತು. ಯಾವ ಕಂಪನಿಯ ಯಂತ್ರವಾದರೂ ಸರಿ, ಒಳಗೆ ಒಂದೇ ಪದ್ಧತಿ. ಐಬಿಎಂ ಇಲ್ಲದ ದೇಶಕ್ಕೆ ಹೇಳಿ ಮಾಡಿಸಿದಂಥದ್ದು.

ಬ್ಯಾಂಕಿಗೆ ಬಂದದ್ದು

ಬ್ಯಾಂಕಿಗೆ ಅದು ಸುಲಭದಲ್ಲಿ ಬರಲಿಲ್ಲ. 1960ರ ದಶಕದ ಕೊನೆಯಲ್ಲಿ ಕಲ್ಕತ್ತಾದ ಎಲ್‌ಐಸಿ ನೌಕರರು ಕಂಪ್ಯೂಟರ್ ಬರದಂತೆ ಕಟ್ಟಡಕ್ಕೆ ಕಾವಲು ಕೂತಿದ್ದರು. ಅದೇ ಭಯ ಬ್ಯಾಂಕುಗಳಲ್ಲೂ ಇತ್ತು. 1983ರಲ್ಲಿ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಶನ್ ಮತ್ತು ನೌಕರರ ಸಂಘಟನೆಗಳ ನಡುವೆ ಒಪ್ಪಂದವಾಗಿ ಸೀಮಿತ ಪ್ರಮಾಣದ ಯಂತ್ರಗಳಿಗೆ ದಾರಿಯಾಯಿತು. 1984ರಲ್ಲಿ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಸಿ. ರಂಗರಾಜನ್ ಅವರ ಸಮಿತಿ ವರದಿ ಕೊಟ್ಟಿತು. ಅವರದೇ ಎರಡನೇ ಸಮಿತಿಯ ವರದಿ 1989ರಲ್ಲಿ. ಆ ಕಾಲದಲ್ಲಿ ಬ್ಯಾಂಕುಗಳು ಮಿನಿ ಕಂಪ್ಯೂಟರುಗಳನ್ನು ಕೊಳ್ಳುವಾಗ ಯುನಿಕ್ಸನ್ನೇ ಕೇಳಿದವು. ದೇಶದಲ್ಲಿ ಯುನಿಕ್ಸ್ ಬಲ್ಲ ಹುಡುಗರ ಒಂದು ಪಡೆಯೇ ತಯಾರಾಗಲು ಈ ಬೇಡಿಕೆಯೂ ಒಂದು ಕಾರಣ.

ನಾನು 1991ರಲ್ಲಿ ಫೋರ್ಟಿನ ಒಂದು ಶಾಖೆಗೆ ಗುಮಾಸ್ತನಾಗಿ ಸೇರಿದಾಗ ಅಲ್ಲಿದ್ದದ್ದು ಎಎಲ್‌ಪಿಎಂ, ಅಡ್ವಾನ್ಸ್‌ಡ್ ಲೆಡ್ಜರ್ ಪೋಸ್ಟಿಂಗ್ ಮಶೀನ್. ಕಂಪ್ಯೂಟರ್ ಅಂದರೆ ಯೂನಿಯನ್‌ನವರಿಗೆ ಸಿಟ್ಟು ಬರುತ್ತದೆ ಅಂತ ಈ ಹೆಸರಿಟ್ಟಿದ್ದಾರೆ ಅಂತ ನಾವು ತಮಾಷೆ ಮಾಡುತ್ತಿದ್ದೆವು. ಒಂದು ಯಂತ್ರ, ಒಬ್ಬ ಗುಮಾಸ್ತ. ಒಂದು ಯಂತ್ರಕ್ಕೆ ಇನ್ನೊಂದರ ಪರಿಚಯವೇ ಇಲ್ಲ. ಉಳಿದದ್ದೆಲ್ಲ ಲೆಡ್ಜರುಗಳಲ್ಲಿ.

ಲೆಡ್ಜರುಗಳ ರಾಜ ನಮ್ಮ ಕಾಕಾ. ರತ್ನಾಗಿರಿ ಕಡೆಯ ಮರಾಠಿ ಮನುಷ್ಯ, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಆದರೂ ನಾನು ದಕ್ಷಿಣದವನು ಅಂತ ನನ್ನನ್ನೇ "ಅಣ್ಣಾ" ಅನ್ನುತ್ತಿದ್ದರು, ಮುಂಬೈ ಪದ್ಧತಿಯಂತೆ. ಕಂಪ್ಯೂಟರ್ ವಿರುದ್ಧದ ಮೆರವಣಿಗೆಗಳಲ್ಲಿ ಘೋಷಣೆ ಕೂಗಿದವರು. 1993ರ ಒಪ್ಪಂದದ ನಂತರ ನಮ್ಮ ಶಾಖೆಗೂ ಪೂರ್ತಿ ಕಂಪ್ಯೂಟರ್ ಬಂತು. ಮ್ಯಾನೇಜರ ಕ್ಯಾಬಿನ್ ಪಕ್ಕ ಗಾಜಿನ ಗೂಡಿನಲ್ಲಿ ಎಸಿ ಹಾಕಿಸಿಕೊಂಡು ಯುನಿಕ್ಸ್ ಸರ್ವರ್ ಕೂತಿತು. ನಮಗೆಲ್ಲ ಎಸಿ ಇಲ್ಲ! ಕೌಂಟರುಗಳಲ್ಲಿ ಹಸಿರು ಅಕ್ಷರದ ಟರ್ಮಿನಲ್‌ಗಳು.

ಮೊದಲ ದಿನ ಕಾಕಾ ಇಂಜಿನಿಯರ್ ಹುಡುಗನನ್ನು ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ: "ಎಂಟು ಜನ ಒಟ್ಟಿಗೆ ಒತ್ತಿದರೆ ಯಾರದ್ದು ಮೊದಲು ಅಂತ ಒಳಗೆ ತೀರ್ಮಾನ ಮಾಡುವವನು ಯಾರು?" ಹುಡುಗ ಏನೋ ಇಂಗ್ಲಿಷಿನಲ್ಲಿ ಹೇಳಿದ. ಕಾಕಾ ಒಪ್ಪಲಿಲ್ಲ. "ಯಾರೋ ಒಬ್ಬ ಇರಲೇಬೇಕು" ಅಂದರು.

ಇದ್ದ. ಮತ್ತು ತಮಾಷೆ ಏನೆಂದರೆ, ಆ ಒಳಗಿನವನು ಮಾಡುತ್ತಿದ್ದದ್ದೆಲ್ಲ ಕಾಕಾ ಇಪ್ಪತ್ತೈದು ವರ್ಷದಿಂದ ಮಾಡಿದ್ದೇ. ನೋಡಿ.

ಸರದಿ: ಚೆಕ್ ಕೊಟ್ಟವರಿಗೆ ಹಿತ್ತಾಳೆ ಟೋಕನ್ ಕೊಟ್ಟು ಕೂರಿಸುತ್ತಿದ್ದೆವು. ಯಾವ ಚೆಕ್ ಮೊದಲು ಪೋಸ್ಟ್ ಆಗಬೇಕು ಅಂತ ನೋಡುತ್ತಿದ್ದದ್ದು ಕಾಕಾ. ವಯಸ್ಸಾದವರದ್ದು, ಆಸ್ಪತ್ರೆಗೆ ಹೋಗುವವರದ್ದು ಮೊದಲು ಎತ್ತುತ್ತಿದ್ದರು. ಯುನಿಕ್ಸ್ ಕೂಡ ಪ್ರತಿಯೊಂದು ಕೆಲಸಕ್ಕೂ ಒಂದು ನಂಬರು, ಒಂದು ಆದ್ಯತೆ ಕೊಟ್ಟು ಸಾಲಿನಲ್ಲಿ ಕೂರಿಸುತ್ತದೆ.

ಜಾಗ: ಮೇಜಿನ ಮೇಲೆ ಹಿಡಿಸುವುದು ನಾಲ್ಕು ಲೆಡ್ಜರ್. ಉಳಿದವು ಕಪಾಟಿನಲ್ಲಿ, ಹಳೆಯವು ರೆಕಾರ್ಡ್ ರೂಮಿನಲ್ಲಿ. ಈಗ ಬೇಕಾದದ್ದನ್ನು ಮೇಜಿಗೆ ತರಿಸಿ, ಬೇಡವಾದದ್ದನ್ನು ವಾಪಸ್ ಕಳಿಸುವುದು ಒಂದು ಕಲೆ. ಮೇಜು ಅಂದರೆ ಮೆಮೊರಿ, ಕಪಾಟು ಅಂದರೆ ಡಿಸ್ಕು. ಮಾರ್ಚ್ ಕ್ಲೋಸಿಂಗಿನಲ್ಲಿ ಎಲ್ಲರಿಗೂ ಎಲ್ಲ ಲೆಡ್ಜರ್ ಬೇಕಾಗಿ, ಪ್ಯೂನ್ ಇಡೀ ದಿನ ಓಡಾಡಿ, ಪೋಸ್ಟಿಂಗ್ ಮಾತ್ರ ಒಂದೂ ಆಗದ ದಿನಗಳಿದ್ದವು. ಮೆಮೊರಿ ಸಾಲದ ಕಂಪ್ಯೂಟರ್ ಡಿಸ್ಕಿಗೂ ಮೆಮೊರಿಗೂ ಓಡಾಡುತ್ತಲೇ ಹೊತ್ತು ಕಳೆದು ನಿಂತಂತಾಗುವುದೂ ಇದೇ ಕಾರಣಕ್ಕೆ.

ಬೀಗ: ಒಂದು ವರ್ಗಾವಣೆ ವೋಚರಿಗೆ ಎರಡು ಲೆಡ್ಜರ್ ಬೇಕು. 7ನೇ ಲೆಡ್ಜರ್ ನನ್ನ ಕೈಯಲ್ಲಿ, 12 ಪಕ್ಕದವಳ ಕೈಯಲ್ಲಿ. ನನಗೆ 12 ಬೇಕು, ಅವಳಿಗೆ 7 ಬೇಕು. ಇಬ್ಬರೂ ಬಿಡುವುದಿಲ್ಲ, ಇಬ್ಬರೂ ಕಾಯುತ್ತಾ ಕೂರುತ್ತೇವೆ. ಕಂಪ್ಯೂಟರಿನವರು ಇದಕ್ಕೆ ಡೆಡ್‌ಲಾಕ್ ಅನ್ನುತ್ತಾರೆ, ಇದರ ಮೇಲೆ ದೊಡ್ಡ ದೊಡ್ಡ ಪಾಠಗಳಿವೆ. ಕಾಕಾ ಎದ್ದು ಬಂದು ನನ್ನ ಕೈಯಿಂದ 7ನ್ನು ಕಿತ್ತು ಅವಳಿಗೆ ಕೊಟ್ಟು, "ನೀನು ಚಹಾ ಕುಡಿದು ಬಾ" ಅನ್ನುತ್ತಿದ್ದರು. ಪಾಠಗಳಲ್ಲಿ ಹೇಳುವ ಪರಿಹಾರಗಳಲ್ಲಿ ಅದೂ ಒಂದು!

ಅಧಿಕಾರ: ಯಾವ ಲೆಡ್ಜರನ್ನು ಯಾರು ನೋಡಬಹುದು, ಯಾರು ಬರೆಯಬಹುದು, ಯಾರು ಪಾಸ್ ಮಾಡಬಹುದು ಅನ್ನುವುದು ಬ್ಯಾಂಕಿನ ಜೀವಾಳ. ಯುನಿಕ್ಸಿನಲ್ಲಿ ಪ್ರತಿ ಫೈಲಿಗೂ ಇದೇ ಮೂರು ಅನುಮತಿ: ಓದು, ಬರೆ, ನಡೆಸು. ಒಡೆಯನಿಗೆ ಬೇರೆ, ಅವನ ಗುಂಪಿಗೆ ಬೇರೆ, ಉಳಿದವರಿಗೆ ಬೇರೆ. ಎಲ್ಲಕ್ಕೂ ಮೇಲೆ ರೂಟ್ ಎಂಬ ಒಬ್ಬ ಸರ್ವಾಧಿಕಾರಿ. ಅವನ ಪಾಸ್‌ವರ್ಡನ್ನು ಲಕೋಟೆಯಲ್ಲಿಟ್ಟು, ಅರಗು ಮುದ್ರೆ ಹಾಕಿ, ಸ್ಟ್ರಾಂಗ್ ರೂಮಿನಲ್ಲಿ ಇಬ್ಬರ ಕೀಲಿಕೈಯಲ್ಲಿ ಇಡುತ್ತಿದ್ದೆವು. ಚಿನ್ನದ ಪಕ್ಕ ಒಂದು ಕಾಗದದ ಚೂರು.

ದುಭಾಷಿ: ಪ್ರಿಂಟರ್, ಟೇಪ್, ಕೀಬೋರ್ಡ್ ಒಂದೊಂದರ ಭಾಷೆ ಒಂದೊಂದು. ಅವುಗಳ ಜೊತೆ ಮಾತಾಡಲು ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮುಗಳು. ಗುಜರಾತಿ ಸೇಠ್ ಬಂದರೆ ಗುಜರಾತಿ, ಕೋಳಿ ಹೆಂಗಸು ಬಂದರೆ ಮರಾಠಿ, ನಮ್ಮ ಹೋಟೆಲಿನವರು ಬಂದರೆ ತುಳು ಅಂತ ಶಾಖೆಯಲ್ಲಿ ಒಬ್ಬೊಬ್ಬರು ಇದ್ದೇ ಇರುತ್ತಿದ್ದರು. ಡ್ರೈವರ್ ಇಲ್ಲದ ಪ್ರಿಂಟರ್ ಅಂದರೆ ಭಾಷೆ ಗೊತ್ತಿಲ್ಲದ ಕೌಂಟರಿನ ಮುಂದೆ ನಿಂತ ಮನುಷ್ಯ.

ಹೀಗೆ ಒಂದೊಂದಾಗಿ ವಿವರಿಸಿದ ದಿನ ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ಅಂದರೆ ಅದು ನನ್ನ ಕೆಲಸವನ್ನು ತೆಗೆದುಕೊಳ್ಳಲಿಲ್ಲ ಅಣ್ಣಾ. ನನ್ನನ್ನೇ ತೆಗೆದುಕೊಂಡಿತು."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಂಪ್ಯೂಟರಿಗೆ ಹೆದರಿದವರನ್ನು ನಾವು ಈಗ ಗೇಲಿ ಮಾಡುತ್ತೇವೆ. ಆದರೆ ಆ ಭಯ ಬರೀ ಮೌಢ್ಯವಾಗಿರಲಿಲ್ಲ. 2000-01ರಲ್ಲಿ ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದಾಗ ಸುಮಾರು ಒಂದು ಲಕ್ಷ ಮಂದಿ ಹೊರಬಿದ್ದರು. ಕಾಕಾ ಕೂಡ ಅವರಲ್ಲೊಬ್ಬರು. ದುಡ್ಡು ಒಳ್ಳೆಯದೇ ಬಂತು. ಆದರೆ ಕೊನೆಯ ದಿನ ಅವರು ತಮ್ಮ ಮೇಜಿನ ಮೇಲೆ ಏನೂ ಇಲ್ಲದೆ ಕೂತಿದ್ದನ್ನು ನೋಡಿದವನು ನಾನು.

26 ಜುಲೈ

ಕಾಕಾ ಹೋದ ಮೇಲೆ ಅವರ ಒಂದು ಪಾಠ ನನ್ನನ್ನು ಕಾಪಾಡಿತು. ಕಚ್ಚಾ ಚೀಟಿಯಲ್ಲಿ ಬರೆದದ್ದು ಬರೆದಂತಲ್ಲ, ಲೆಡ್ಜರಿಗೆ ಏರಿದ ಮೇಲೆಯೇ ಲೆಕ್ಕ ಅನ್ನುತ್ತಿದ್ದರು. ಆಪರೇಟಿಂಗ್ ಸಿಸ್ಟಮ್ ಕೂಡ ನೀವು ಒತ್ತಿದ್ದನ್ನೆಲ್ಲ ಆ ಕ್ಷಣವೇ ಡಿಸ್ಕಿಗೆ ಬರೆಯುವುದಿಲ್ಲ. ಡಿಸ್ಕು ನಿಧಾನ. ಹಾಗಾಗಿ ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇಟ್ಟುಕೊಂಡು, ಒಟ್ಟಾದ ಮೇಲೆ ಇಳಿಸುತ್ತದೆ. ನಡುವೆ ಕರೆಂಟು ಹೋದರೆ ಆ ಕಚ್ಚಾ ಚೀಟಿ ಮಾಯ. ಅದಕ್ಕೇ ಕಂಪ್ಯೂಟರನ್ನು ಕ್ರಮವಾಗಿ ಶಟ್‌ಡೌನ್ ಮಾಡಬೇಕು ಅನ್ನುವುದು, ಅದಕ್ಕೇ ದಿನದ ಕೊನೆಗೆ ಟೇಪಿಗೆ ನಕಲು ಮಾಡಿ ಬೇರೆ ಕಡೆ ಇಡಬೇಕು ಅನ್ನುವುದು.

2005ರ ಜುಲೈ 26, ಮಂಗಳವಾರ. ಮುಂಬೈಯವರಿಗೆ ಬೇರೆ ವಿವರಣೆ ಬೇಡ. ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಆಗ ನಾನು ಉಪನಗರದ ಒಂದು ಶಾಖೆಯಲ್ಲಿದ್ದೆ, ನೆಲಮಹಡಿ. ಮಧ್ಯಾಹ್ನ ಮೂರರ ಮೇಲೆ ನೀರು ಒಳಗೆ ಬಂತು. ಮೊದಲು ಯುಪಿಎಸ್ ಸತ್ತಿತು, ಆಮೇಲೆ ಸರ್ವರ್. ಕ್ರಮವಾಗಿ ಶಟ್‌ಡೌನ್ ಮಾಡುವ ಮಾತೇ ಇಲ್ಲ. ನಾವು ಕ್ಯಾಶು ಎತ್ತಿ ಸ್ಟ್ರಾಂಗ್ ರೂಮಿನ ಮೇಲಿನ ಕಪಾಟಿಗೆ ಹಾಕಿ, ವೋಚರ್ ಕಟ್ಟುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಮೊದಲ ಮಹಡಿಯವರ ಮನೆಯಲ್ಲಿ ಇಟ್ಟೆವು. ಆ ರಾತ್ರಿ ಅಲ್ಲೇ ಕಳೆದೆವು. ಆ ಮನೆಯವರು ಕೊಟ್ಟ ಖಿಚಡಿಯ ರುಚಿ ಮರೆಯುವಂಥದ್ದಲ್ಲ.

ಸರ್ವರ್ ಮತ್ತೆ ಏಳಲಿಲ್ಲ. ಆದರೆ ಸೋಮವಾರದ ಟೇಪು ನಿಯಮದಂತೆ ಬೇರೆ ಶಾಖೆಗೆ ಹೋಗಿತ್ತು. ಆ ಶಾಖೆ ಮೂರನೇ ಮಹಡಿಯಲ್ಲಿತ್ತು! ಬದಲಿ ಯಂತ್ರ ಬಂದ ಮೇಲೆ ಸೋಮವಾರದ ಬಾಕಿ ಏರಿಸಿ, ಫ್ಯಾನಿನಡಿ ಒಣಗಿಸಿದ ಮಂಗಳವಾರದ ವೋಚರುಗಳನ್ನು ಒಂದೊಂದಾಗಿ ಮತ್ತೆ ಪೋಸ್ಟ್ ಮಾಡಿದೆವು. ಕೊನೆಗೆ ಲೆಕ್ಕ ತಾಳೆಯಾಯಿತು, ಪೈಸೆ ವ್ಯತ್ಯಾಸವಿಲ್ಲದೆ. ನಾನು ಕಾಕಾಗೆ ಫೋನ್ ಮಾಡಿ ಹೇಳಿದೆ. "ಬರಾ ಝಾಲಾ" ಅಂದರು. ಒಳ್ಳೆಯದಾಯಿತು. ಅಷ್ಟೇ. ಆದರೆ ದನಿಯಲ್ಲಿ ಖುಷಿ ಇತ್ತು.

ನಮ್ಮ ಅಕ್ಷರ ಬಂದದ್ದು

ಕನ್ನಡದ ವಿಷಯ ಹೇಳದಿದ್ದರೆ ಈ ಕಥೆ ಅರ್ಧ. ನಮ್ಮ ಹಸಿರು ಟರ್ಮಿನಲ್‌ಗಳಲ್ಲಿ ಎ, ಬಿ, ಸಿ ಬಿಟ್ಟು ಬೇರೇನೂ ಇರಲಿಲ್ಲ. ಕೀಲಿ ಒತ್ತಿದಾಗ ಯಾವ ಅಕ್ಷರ ಅಂತ ಗುರುತಿಸಿ, ಅದನ್ನು ಕೂಡಿಟ್ಟು, ಪರದೆಯ ಮೇಲೆ ಮೂಡಿಸುವುದಕ್ಕೆ ಆಪರೇಟಿಂಗ್ ಸಿಸ್ಟಮ್‌ನ ನೆರವು ಬೇಕು. ಅದಕ್ಕೆ ಕನ್ನಡ ಗೊತ್ತಿಲ್ಲದಿದ್ದರೆ ನಾವು ಹೊರಗಿನಿಂದ ವೇಷ ಹಾಕಿಸಬೇಕು. ವಿಂಡೋಸ್ 95ರ ಕಾಲದಲ್ಲಿ ಆಗುತ್ತಿದ್ದದ್ದು ಅದೇ. ಫಾಂಟು ಹಾಕಿಕೊಂಡವರಿಗೆ ಕನ್ನಡ, ಇಲ್ಲದವರಿಗೆ ವಿಚಿತ್ರ ಚಿಹ್ನೆಗಳ ಸಂತೆ.

ಆ ಕಷ್ಟದ ಕಾಲದಲ್ಲೇ, 1996ರಲ್ಲಿ, ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜ ಅವರು ಅಂತರಜಾಲದಲ್ಲಿ 'ವಿಶ್ವಕನ್ನಡ' ಪತ್ರಿಕೆ ಶುರುಮಾಡಿದರು. ಮುಂಬೈ ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂತು. ನಮ್ಮಂಥವರು ಮೊದಲ ಬಾರಿಗೆ ಕನ್ನಡದಲ್ಲಿ ಟೈಪ್ ಮಾಡಿದ್ದು ಅದರಲ್ಲೇ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟಿನೊಂದಿಗೆ ಕನ್ನಡ ಯುನಿಕೋಡ್ ಸಿಸ್ಟಮ್‌ನ ಒಳಗೇ ಬಂತು. ವೇಷ ಕಳಚಿ, ಅದಕ್ಕೆ ನಮ್ಮ ಭಾಷೆ ಗೊತ್ತಾಯಿತು.

ಈಗ ಎಲ್ಲರ ಕಿಸೆಯಲ್ಲೂ ಫೋನಿದೆ. ಆಂಡ್ರಾಯ್ಡ್ ಫೋನಿನ ಒಡಲಲ್ಲಿರುವುದು ಲಿನಕ್ಸ್. 1991ರಲ್ಲಿ, ನಾನು ಬ್ಯಾಂಕು ಸೇರಿದ ವರ್ಷವೇ, ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿ ಯುನಿಕ್ಸಿನ ಮಾದರಿಯಲ್ಲಿ ಬರೆದು ಎಲ್ಲರಿಗೂ ಹಂಚಿದ್ದು. ಗಾಜಿನ ಗೂಡಿನಲ್ಲಿ ಎಸಿ ಹಾಕಿಸಿಕೊಂಡು ಕೂತಿದ್ದವನ ತಮ್ಮ ಈಗ ತರಕಾರಿ ಗಾಡಿಯವನ ಅಂಗಿಯ ಕಿಸೆಯಲ್ಲಿ ಕೂತು ಯುಪಿಐ ದುಡ್ಡು ಬಂತು ಅಂತ ಕೂಗುತ್ತಾನೆ. ಸರದಿ, ಜಾಗ, ಬೀಗ, ಅಧಿಕಾರ, ದುಭಾಷಿ: ಮಾಡುವುದು ಅವೇ ಕೆಲಸಗಳನ್ನು.

ಕೊನೆಗೆ ಆ ಹೋಟೆಲಿನ ಹಿರಿಯರ ವಿಷಯ. ಮುಂದಿನ ಸಲ ಅವರು ಬಂದಾಗ ಕ್ಯಾಬಿನ್ನಿಗೆ ಕರೆದು ಕೂರಿಸಿ, ಚಹಾ ತರಿಸಿ, ಈ ದೋಸೆ ಭಟ್ಟರ ಕಥೆಯನ್ನೆಲ್ಲ ಹೇಳಿದೆ. ಸಿಸ್ಟಮ್ ಅಂದರೆ ಒಂದು ರೀತಿಯಲ್ಲಿ ಗಲ್ಲಾದಲ್ಲಿ ಕೂತ ನಿಮ್ಮ ಹಾಗೆ, ಯಾರಿಗೆ ಯಾವಾಗ ಏನು ಅಂತ ನೋಡಿಕೊಳ್ಳುವವನು ಅಂದೆ. ಅವರು ಎಲ್ಲ ಕೇಳಿ ತಲೆಯಾಡಿಸಿದರು.

"ಸರಿಯೇ. ಆದ್ರೆ ಒಂದು ವ್ಯತ್ಯಾಸ ಉಂಟು ಮಾರಾಯ್ರೆ. ನನ್ನ ಗಿರಾಕಿಗೆ ದೋಸೆ ಬರದಿದ್ರೆ ನಾನು ಎದ್ದು ಹೋಗಿ, ಹಿಟ್ಟು ಮುಗಿದಿದೆ, ಹತ್ತು ನಿಮಿಷ ಅಂತ ಹೇಳ್ತೇನೆ. ಗಲ್ಲಾ ತಗೊಳ್ತಾ ಇಲ್ಲ ಅಂತ ಹೇಳುದಿಲ್ಲ."

ಕಾಕಾ ಹೇಳಿದ್ದು, ತನ್ನನ್ನೇ ತೆಗೆದುಕೊಂಡಿತು ಅಂತ. ಪೂರ್ತಿ ತೆಗೆದುಕೊಂಡಿರಲಿಲ್ಲ. ಸರದಿ ನೋಡುವ ಕಾಕಾ ಯಂತ್ರದೊಳಗೆ ಹೋದರು. ತಡವಾದಾಗ ಗ್ರಾಹಕರ ಹತ್ತಿರ ಹೋಗಿ ಯಾಕೆ ಅಂತ ಹೇಳುತ್ತಿದ್ದ ಕಾಕಾ ಹೊರಗೇ ಉಳಿದಿದ್ದರು. ಆ ಕುರ್ಚಿಯಲ್ಲಿ ಕೂತವನು ನಾನು, ಮತ್ತು ಇಷ್ಟು ವರ್ಷ ಆ ಕೆಲಸ ಮಾಡದೆ ಸಿಸ್ಟಮ್ ಕಡೆ ಬೆರಳು ತೋರಿಸುತ್ತಿದ್ದೆ.

ಅಂದಿನಿಂದ ಆ ಮಾತು ಬಿಟ್ಟಿದ್ದೇನೆ. ನೆಟ್‌ವರ್ಕ್ ಹೋಗಿದ್ದರೆ ನೆಟ್‌ವರ್ಕ್ ಅನ್ನುತ್ತೇನೆ, ಪಾಸ್ ಮಾಡುವ ಅಧಿಕಾರ ನನಗಿಲ್ಲದಿದ್ದರೆ ಇಲ್ಲ ಅನ್ನುತ್ತೇನೆ, ಎಷ್ಟು ಹೊತ್ತು ಅಂತಲೂ ಹೇಳುತ್ತೇನೆ. ಗ್ರಾಹಕರು ಆಗಲೂ ಬೈಯುತ್ತಾರೆ. ಆದರೆ ಬೈಸಿಕೊಳ್ಳಲು ಒಬ್ಬ ಮನುಷ್ಯ ಇದ್ದಾನಲ್ಲ!